ಸುಸ್ತು ಎಂದು ಬಂದವರಿಗೆ ಯಾವ ಪರೀಕ್ಷೆ, ಯಾವ ಕ್ರಮದಲ್ಲಿ: ನನ್ನ ಅನುಭವ

ಯಾದಗಿರಿ ಜಿಲ್ಲೆಯ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ, ಜ್ವರದವರನ್ನು ಬಿಟ್ಟರೆ, ಅತಿ ಹೆಚ್ಚು ಜನ ಹೇಳಿಕೊಳ್ಳುವುದು ಸುಸ್ತನ್ನು. ‘ಭಾಳ ಸುಸ್ತ್ ಆಗ್ತದ್ರಿ ಸಾಹೇಬ್ರ, ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ, ಒಂದ್ ಸಲಾಯಿನ್ ಹಚ್ರಿ’ ಎನ್ನುವ ಮಾತು ಹತ್ತಿ ಬಿಡಿಸುವ ಕಾಲದಲ್ಲೂ ತೊಗರಿ ರಾಶಿಯ ಕಾಲದಲ್ಲೂ ಒಂದೇ ಬಗೆಯಾಗಿ ಕೇಳಿಬರುತ್ತದೆ. ಆ ಒಂದು ದೂರಿನ ಹಿಂದೆ ಕಬ್ಬಿಣದ ಕೊರತೆ, ಬಿ12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಕ್ಷಯ, ಮೂತ್ರಪಿಂಡದ ರೋಗ, ಖಿನ್ನತೆ ಇವುಗಳಲ್ಲಿ ಯಾವುದಾದರೂ ಇರಬಹುದು. ಒಬ್ಬರಲ್ಲಿಯೇ ಎರಡು ಮೂರು ಸೇರಿರಲೂಬಹುದು. ಸಲಾಯಿನ್ ಬಾಟಲಿ ಇವುಗಳಲ್ಲಿ ಯಾವುದನ್ನೂ ಗುಣಪಡಿಸುವುದಿಲ್ಲ. ಇವುಗಳನ್ನು ಬೇರ್ಪಡಿಸಿ ಗುರುತಿಸಲು ನಾನು ವರ್ಷಗಳಿಂದ ಒಂದು ಕ್ರಮವನ್ನು ಅನುಸರಿಸುತ್ತಿದ್ದೇನೆ. ರಕ್ತ ತೆಗೆಯುವ ಮೊದಲು ನಿಗದಿತ ಪ್ರಶ್ನೆಗಳನ್ನು ಕೇಳಿ, ನನ್ನ ಅಂದಾಜು ಏನು, ಅದು ಎಷ್ಟರ ಮಟ್ಟಿಗೆ ಬಲವಾಗಿದೆ ಎಂಬುದನ್ನು ರೋಗಿಯ ಚೀಟಿಯ ಮೇಲೆ ಬರೆಯುತ್ತೇನೆ. ವರದಿ ಬಂದ ಮೇಲೆ ಆ ಅಂದಾಜಿನ ಪಕ್ಕದಲ್ಲಿಟ್ಟೇ ಅದನ್ನು ಓದುತ್ತೇನೆ.

ಇದಕ್ಕೆ ಕಾರಣ ಒಂದು ಸರಳ ಲೆಕ್ಕ. ರೋಗವಿರುವ 100 ಜನರಲ್ಲಿ 90 ಜನರನ್ನು ಹಿಡಿಯುವ, ರೋಗವಿಲ್ಲದ 100 ಜನರಲ್ಲಿ 90 ಜನರನ್ನು ಸರಿಯಾಗಿ ಬಿಟ್ಟುಬಿಡುವ ಒಂದು ಪರೀಕ್ಷೆ ನಮ್ಮ ಬಳಿ ಇದೆ ಎಂದುಕೊಳ್ಳೋಣ. ಜಾತ್ರೆಯಲ್ಲಿ ಶಿಬಿರ ಹಾಕಿ 1000 ಜನರಿಗೆ ಅದನ್ನು ಮಾಡಿದೆವು, ಅವರಲ್ಲಿ ನಿಜವಾಗಿ ರೋಗವಿರುವವರು 20 ಜನ ಮಾತ್ರ. ಆಗ ರೋಗಿಗಳಲ್ಲಿ 18 ಜನರಿಗೆ ಪಾಸಿಟಿವ್ ಬರುತ್ತದೆ, ಆದರೆ ಆರೋಗ್ಯವಂತರಾದ 980 ಜನರಲ್ಲಿ 98 ಜನರಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಚೀಟಿ ಹಿಡಿದು ನಿಂತ 116 ಜನರಲ್ಲಿ ನಿಜವಾದ ರೋಗಿಗಳು ಆರರಲ್ಲಿ ಒಬ್ಬರಷ್ಟೂ ಇಲ್ಲ. ಅದೇ ಪರೀಕ್ಷೆಯನ್ನು ಲಕ್ಷಣಗಳನ್ನು ವಿಚಾರಿಸಿ ಆರಿಸಿದ, 1000ಕ್ಕೆ 300 ಜನರಲ್ಲಿ ರೋಗವಿರುವ ಗುಂಪಿಗೆ ಮಾಡಿದರೆ, ಪಾಸಿಟಿವ್ ಬಂದ 340 ಜನರಲ್ಲಿ 270 ಜನ ನಿಜವಾದ ರೋಗಿಗಳಾಗಿರುತ್ತಾರೆ. ಯಂತ್ರವೂ ಅದೇ, ರಾಸಾಯನಿಕವೂ ಅದೇ. ಬದಲಾದದ್ದು ರಕ್ತ ಕೊಡುವ ಮೊದಲೇ ಇದ್ದ ಸಂಭವ ಮಾತ್ರ. ಆ ಸಂಭವವನ್ನು ತಿಳಿದುಕೊಳ್ಳಲು ನನಗಿರುವ ಸಾಧನ ಪ್ರಶ್ನೆಗಳೇ.

ಈಗ ತಾಲ್ಲೂಕು ಊರುಗಳಿಗೂ ಬಂದಿರುವ ಎಪ್ಪತ್ತು ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ’ ಪ್ಯಾಕೇಜುಗಳನ್ನು ನಾನು ಬರೆಯದಿರುವುದಕ್ಕೂ ಇದೇ ಕಾರಣ. ಪ್ರಯೋಗಾಲಯದ ‘ಸಾಮಾನ್ಯ ಮಿತಿ’ ಎಂಬುದನ್ನು ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ಪೈಕಿ ಶೇ. 95ರಷ್ಟು ಜನ ಒಳಗೊಳ್ಳುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಆರೋಗ್ಯವಂತನೊಬ್ಬನಿಗೆ ಮಾಡಿದರೆ, ಒಂದಾದರೂ ಮಿತಿಯ ಹೊರಗೆ ಬೀಳುವ ಸಂಭವ ಶೇ. 64. ಆ ಒಂದು ದಪ್ಪಕ್ಷರದ ಅಂಕಿಯನ್ನು ಹಿಡಿದುಕೊಂಡು ಕೂಲಿ ಬಿಟ್ಟು ಕಲಬುರಗಿಗೂ ಹೈದರಾಬಾದಿಗೂ ಅಲೆದವರನ್ನು ನಾನು ಬಹಳ ನೋಡಿದ್ದೇನೆ, ಮತ್ತು ಆ ಅಲೆದಾಟ ನನಗೆ ನಿಜಕ್ಕೂ ಸಂಕಟ ತರುತ್ತದೆ.

ನಮ್ಮ ಪ್ರಶ್ನೆಪಟ್ಟಿ ಒಂದೇ ಹಾಳೆಯದು. ರೋಗಿ ನನ್ನ ಮುಂದೆ ಕೂರುವ ಮೊದಲೇ ನಮ್ಮ ಸಿಸ್ಟರ್ ಅದನ್ನು ತುಂಬುತ್ತಾರೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿದಿರುವುದು, ಕಫದಲ್ಲಿ ರಕ್ತ, ಮನೆಯಲ್ಲಿ ಕ್ಷಯದವರು ಇದ್ದರೇ ಎಂಬುದು ಮೊದಲ ಭಾಗ. ಎರಡನೆಯದು ರಕ್ತಸ್ರಾವ: ಮುಟ್ಟು ಎಷ್ಟು ದಿನ, ದಿನಕ್ಕೆ ಎಷ್ಟು ಬಟ್ಟೆ ಬದಲಿಸಬೇಕಾಗುತ್ತದೆ, ಮೂಲವ್ಯಾಧಿ ಇದೆಯೇ, ಮಲ ಕಪ್ಪಗಿದೆಯೇ. ‘ಯವ್ವಾ, ಮಣ್ಣು, ಬಳಪ, ಹಸಿ ಅಕ್ಕಿ ತಿನಬೇಕು ಅನಸ್ತದೇನು?’ ಎಂದು ಸಿಸ್ಟರ್ ಮೆಲ್ಲಗೆ ಕೇಳಿದಾಗ ಹೌದೆನ್ನುವ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ನಾನು ಕೇಳಿದರೆ ಅವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಈ ಹಂಬಲ ಕಬ್ಬಿಣದ ಕೊರತೆಯ ಬಲವಾದ ಸುಳಿವು. ಮೂರನೆಯದು ಔಷಧ: ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಇದೆಯೇ, ಏಕೆಂದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ, ಮೈಕೈ ನೋವಿಗೆ ಅಂಗಡಿಯಿಂದ ತಂದ ಗುಳಿಗೆಗಳಿವೆಯೇ, ಏಕೆಂದರೆ ಅವು ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಸುರಿಸುತ್ತವೆ.

ನಾಲ್ಕನೆಯದು ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ಅಪಾಯ ಅಂಕ. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಶ್ರಮ, ತಂದೆತಾಯಿಯರಲ್ಲಿ ಕಾಯಿಲೆ ಇವು ನಾಲ್ಕೇ ಸಂಗತಿಗಳು. ಬೇಕಾದದ್ದು ಒಂದು ಅಳತೆಪಟ್ಟಿ. ಐವತ್ತು ದಾಟಿದ, 96 ಸೆಂಟಿಮೀಟರ್ ಸೊಂಟದ, ಗಲ್ಲೆಯ ಮೇಲೆ ಕೂತೇ ದಿನ ಕಳೆಯುವ, ತಾಯಿಗೆ ಸಕ್ಕರೆ ಕಾಯಿಲೆಯಿರುವ ಅಂಗಡಿಕಾರನಿಗೆ 80 ಅಂಕ ಬರುತ್ತದೆ. 60 ಮುಟ್ಟಿದರೇ ಅಪಾಯ ಹೆಚ್ಚು ಎಂದು ಲೆಕ್ಕ. ಈ ಅಂಕ ರೋಗವನ್ನು ನಿರ್ಧರಿಸುವುದಿಲ್ಲ, ಯಾರ ರಕ್ತವನ್ನು ಮೊದಲು ನೋಡಬೇಕೆಂದು ತೋರಿಸುತ್ತದೆ, ಅಷ್ಟೆ. ಕೊನೆಯ ಭಾಗ ಮನಸ್ಸಿನದು. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಪ್ರಶ್ನೆಗಳ ನಂತರ, ಕಣ್ಣರೆಪ್ಪೆ, ನಾಲಿಗೆ, ಉಗುರು, ಪಾದದ ಬಾವು, ಕೊರಳಿನ ಗಂಟು ನೋಡಿ, ಮೊದಲ ಸುತ್ತಿನಲ್ಲಿ ನಾನು ಬರೆಯುವುದು ಸಾಮಾನ್ಯವಾಗಿ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇರುವಾಗ ಸಿಬಿಸಿಯೇ ಮೊದಲ ಬಾಗಿಲು. ಆದರೆ ಬಹಳ ಕಡೆ ಅದರಲ್ಲಿ ಹಿಮೋಗ್ಲೋಬಿನ್ ಒಂದನ್ನೇ ಓದಿ, ‘ರಕ್ತ ಕಮ್ಮಿ ಅದ’ ಎಂದು ಹೇಳಿ, ಉಳಿದ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ನಿಜವಾದ ಮಾಹಿತಿ ಇರುವುದು ಆ ಉಳಿದ ಸಾಲುಗಳಲ್ಲಿ. ಕೆಂಪುಕಣದ ಸರಾಸರಿ ಗಾತ್ರವಾದ ಎಂಸಿವಿ ಚಿಕ್ಕದಾಗಿದ್ದರೆ ಅದನ್ನು ದಶಲಕ್ಷಗಳಲ್ಲಿ ಬರೆದ ಕೆಂಪುಕಣಗಳ ಎಣಿಕೆಯಿಂದ ಭಾಗಿಸುತ್ತೇನೆ. ಇದು 1973ರಲ್ಲಿ ಮೆಂಟ್ಜರ್ ಸೂಚಿಸಿದ ಲೆಕ್ಕ. ಎಂಸಿವಿ 64, ಎಣಿಕೆ 3.9 ಇದ್ದರೆ ಭಾಗಲಬ್ಧ 16 ದಾಟುತ್ತದೆ, ಆಗ ಕಬ್ಬಿಣದ ಕೊರತೆಯ ಕಡೆ ತೂಗುತ್ತದೆ. ಅದೇ 64ಕ್ಕೆ ಎಣಿಕೆ 5.6 ಇದ್ದರೆ 13ಕ್ಕಿಂತ ಕೆಳಗಿಳಿಯುತ್ತದೆ, ಆಗ ಥಲಸ್ಸೀಮಿಯಾ ಎಂಬ, ಹುಟ್ಟಿನಿಂದಲೇ ಬರುವ ರಕ್ತರೋಗದ ವಾಹಕರಿರಬಹುದೆಂದು ಅನುಮಾನಿಸಿ ಹಿಮೋಗ್ಲೋಬಿನ್ ವಿಶ್ಲೇಷಣೆಗೆ ಕಳುಹಿಸುತ್ತೇನೆ. ಕಬ್ಬಿಣ ಮತ್ತು ಬಿ12 ಎರಡೂ ಕಡಿಮೆಯಿರುವವರಲ್ಲಿ ಕಬ್ಬಿಣದ ಕೊರತೆಯ ಚಿಕ್ಕ ಕಣ, ಬಿ12 ಕೊರತೆಯ ದೊಡ್ಡ ಕಣ ಬೆರೆತು ಎಂಸಿವಿ ಸಾಮಾನ್ಯವಾಗಿಯೇ ಕಾಣುತ್ತದೆ. ಅಂಥಲ್ಲಿ ಗುಟ್ಟು ಬಿಡುವುದು ಕಣಗಳ ಗಾತ್ರದ ಏರುಪೇರನ್ನು ತೋರಿಸುವ ಆರ್‌ಡಿಡಬ್ಲ್ಯೂ. ಅದು ಏರಿದ್ದರೆ ಗಾಜಿನ ಮೇಲೆ ತೆಳುವಾಗಿ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡಲು ಕೇಳುತ್ತೇನೆ. ಇದರ ಖರ್ಚು ಕಡಿಮೆ, ತಿಳಿಸುವುದು ಬಹಳ.

ಫೆರಿಟಿನ್ ದೇಹದ ಕಬ್ಬಿಣದ ಕಣಜವನ್ನು ಅಳೆಯುವ ಸೂಚಕ, ಆದರೆ ಸೋಂಕು ಅಥವಾ ಉರಿಯೂತವಿದ್ದಾಗ ಅದು ತಾನಾಗಿಯೇ ಏರುತ್ತದೆ. ಆದ್ದರಿಂದ ಅದನ್ನು ಉರಿಯೂತವನ್ನು ತೋರಿಸುವ ಸಿಆರ್‌ಪಿ ಜೊತೆಗಲ್ಲದೆ ಒಂಟಿಯಾಗಿ ನಾನು ಬರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಉರಿಯೂತ ಇರುವವರಲ್ಲಿ ಆ ಮಿತಿ 70. ಸಿಆರ್‌ಪಿ ಏರಿರುವ, ತೂಕ ಇಳಿದ ರೈತನೊಬ್ಬನ ಫೆರಿಟಿನ್ 48 ಎಂದು ವರದಿಯಲ್ಲಿ ಬಂದು, ಅದರ ಎದುರು ‘ಸಾಮಾನ್ಯ’ ಎಂದು ಅಚ್ಚಾಗಿದ್ದರೂ, ಅವನಲ್ಲಿ ಕಬ್ಬಿಣವೂ ಇಲ್ಲ, ಉರಿಯೂತಕ್ಕೆ ಒಂದು ಮೂಲವೂ ಇದೆ ಎಂದೇ ನಾನು ಓದುತ್ತೇನೆ. ಅವನ ಹಾಳೆಯ ಮೊದಲ ಭಾಗದಲ್ಲಿ ಒಂದು ಗುರುತಾದರೂ ಇದ್ದರೆ ಕಫ ಅದೇ ದಿನ ಟ್ರೂನಾಟ್ ಪರೀಕ್ಷೆಗೆ ಹೋಗುತ್ತದೆ, ಎದೆಯ ಎಕ್ಸ್‌ರೇ ಆಗುತ್ತದೆ. ಟ್ರೂನಾಟ್ ಕ್ಷಯದ ರೋಗಾಣುವಿನ ಅನುವಂಶಿಕ ತುಣುಕನ್ನೇ ಹುಡುಕುತ್ತದೆ. ಪಾಸಿಟಿವ್ ಬಂದವರಲ್ಲಿ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಅದರಿಂದಲೇ ನೋಡಬಹುದು. ಉರಿಯೂತದ ಇನ್ನೊಂದು ಸೂಚಕವಾದ ಇಎಸ್‌ಆರ್ ಹೆಚ್ಚಿದೆ ಎಂಬುದೊಂದನ್ನೇ ಹಿಡಿದು ಕ್ಷಯದ ಮಾತ್ರೆ ಶುರುಮಾಡುವುದನ್ನು ನಾನು ಒಪ್ಪುವುದಿಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ ಮತ್ತು ಕರುಳನ್ನು ನೋಡಿಸದೆ ಬರೀ ಗುಳಿಗೆ ಕೊಟ್ಟು ಕಳುಹಿಸುವಂತಿಲ್ಲ.

ಶಹಾಪುರದ ಕಡೆಯ, ನಲವತ್ತು ದಾಟಿದ ಕೃಷಿಕೂಲಿ ಮಹಿಳೆಯೊಬ್ಬರು ಒಂದು ಪ್ಯಾಕೇಜಿನ ವರದಿಯೊಂದಿಗೆ ಬಂದದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು. ‘ಸಕ್ಕರಿ ಬ್ಯಾನಿ ಬಂದದಂತ್ರಿ, ಇನ್ನ ಜೀವಮಾನ ಪೂರ್ತಿ ಗುಳಿಗಿ ನುಂಗಬೇಕಂತ’ ಎಂದು ಅವರು ಅಳುತ್ತಿದ್ದರು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.7 ಇತ್ತು; 6.5 ಮುಟ್ಟಿದರೆ ಮಧುಮೇಹ ಎನ್ನುವುದು ನಿಯಮ. ಆದರೆ ಅದೇ ವರದಿಯಲ್ಲಿ ಹಿಮೋಗ್ಲೋಬಿನ್ 7.6 ಇತ್ತು, ಎಂಸಿವಿ ಚಿಕ್ಕದಿತ್ತು. ಅವರ ಅಪಾಯ ಅಂಕವೂ 60ಕ್ಕಿಂತ ಬಹಳ ಕೆಳಗಿತ್ತು. ಎಚ್‌ಬಿಎ1ಸಿ ಎಂಬುದು ಕೆಂಪುಕಣಗಳಿಗೆ ಅಂಟಿದ ಸಕ್ಕರೆಯ ಅಳತೆ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳ ಹುಟ್ಟು ಕುಗ್ಗಿ ಹಳೆಯ ಕಣಗಳೇ ಹೆಚ್ಚಾಗಿ ಉಳಿಯುವುದರಿಂದ ಅಂಟಿದ ಸಕ್ಕರೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕಣಗಳು ಬೇಗ ಒಡೆಯುವ ರೋಗಗಳಲ್ಲಿ, ರಕ್ತ ಬೇಗ ಸೋರಿಹೋದವರಲ್ಲಿ ಇದು ತಿರುವುಮುರುವಾಗಿ ಅಂಕಿ ಕಡಿಮೆ ಬರುತ್ತದೆ. ನಾನು ಖಾಲಿ ಹೊಟ್ಟೆಯ ಸಕ್ಕರೆ ಮತ್ತು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರದ ಸಕ್ಕರೆ ನೋಡಿದೆ. ಬಂದದ್ದು 94 ಮತ್ತು 126. ಮಧುಮೇಹ ಎನ್ನಲು ಬೇಕಾದದ್ದು 126 ಮತ್ತು 200. ಕಬ್ಬಿಣದ ಚಿಕಿತ್ಸೆ ಪೂರ್ತಿಯಾದ ಮೇಲೆ ಅವರ ಎಚ್‌ಬಿಎ1ಸಿ 5.6ಕ್ಕೆ ಇಳಿಯಿತು. ಮುಟ್ಟಿನ ಅತಿ ಸ್ರಾವದ ಕಾರಣ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗಡ್ಡೆಯಾಗಿ ಕಂಡಿತು, ಅದಕ್ಕೆ ಕಲಬುರಗಿಗೆ ಕಳುಹಿಸಿದೆ. ಅಂದಿನಿಂದ ಹಿಮೋಗ್ಲೋಬಿನ್ ಪಕ್ಕದಲ್ಲಿಲ್ಲದ ಎಚ್‌ಬಿಎ1ಸಿ ವರದಿಯ ಮೇಲೆ ನಾನು ತೀರ್ಮಾನ ಬರೆಯುವುದಿಲ್ಲ.

ಸಕ್ಕರೆಯ ವಿಷಯದಲ್ಲಿ ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಕ್ತ ತೆಗೆದ ಮೇಲೂ ಅದರೊಳಗಿನ ಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಸಾಧಾರಣ ಕೋಣೆಯ ಉಷ್ಣತೆಯಲ್ಲಿಯೇ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ, ಬಿಸಿ ಹೆಚ್ಚಿದಷ್ಟೂ ಇನ್ನೂ ಬೇಗ. ಫ್ಲೋರೈಡ್ ಇರುವ ಬೂದು ಮುಚ್ಚಳದ ನಳಿಕೆಯೂ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯಲಾರದು. ಏಪ್ರಿಲ್ ಮೇ ತಿಂಗಳಲ್ಲಿ ಬೈಕಿನ ಪೆಟ್ಟಿಗೆಯಲ್ಲಿಟ್ಟು ಹಳ್ಳಿಯಿಂದ ತಂದ ಮಾದರಿಯಲ್ಲಿ 130 ಇದ್ದದ್ದು 115 ಆಗಿ ಕಾಣಬಹುದು. ಅದಕ್ಕಾಗಿ ನಾವು ಸಕ್ಕರೆಯ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗನೆ ಕಣಗಳಿಂದ ಪ್ರತ್ಯೇಕಿಸುತ್ತೇವೆ, ಇಲ್ಲವೇ ರೋಗಿಯನ್ನೇ ಬೆಳಿಗ್ಗೆ ಕರೆಸುತ್ತೇವೆ. ಕಣಗಳು ಒಡೆದು ಕೆಂಪಾದ ಸೀರಂನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಪೊಟ್ಯಾಸಿಯಂ ಸುಳ್ಳು ಏರಿಕೆ ತೋರಿಸುತ್ತದೆ, ಅಂಥದನ್ನು ಮತ್ತೆ ತೆಗೆಸುತ್ತೇನೆ.

ಇನ್ನು ಮನಸ್ಸಿನ ಭಾಗ. ಪಿಎಚ್‌ಕ್ಯೂ-9 ಎಂಬ, ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ 2001ರಿಂದ ಬಳಕೆಯಲ್ಲಿದೆ. ಅದರ ಮೂಲ ಅಧ್ಯಯನದಲ್ಲಿ 10 ಮತ್ತು ಅದಕ್ಕಿಂತ ಹೆಚ್ಚಿನ ಅಂಕ ಗಂಭೀರ ಖಿನ್ನತೆಯನ್ನು ಶೇ. 88ರಷ್ಟು ಹಿಡಿದು, ಇಲ್ಲದವರನ್ನು ಶೇ. 88ರಷ್ಟು ಸರಿಯಾಗಿ ಬಿಟ್ಟಿತ್ತು. ಆದರೆ ನಿದ್ದೆ, ಸುಸ್ತು, ಹಸಿವು ಈ ಮೂರು ಪ್ರಶ್ನೆಗಳಿಗೇ ತಲಾ 3ರಂತೆ ಒಟ್ಟು 9 ಅಂಕ ಬೀಳಬಲ್ಲವು, ಮತ್ತು ರಕ್ತಹೀನತೆಯೋ ಕ್ಷಯವೋ ಇರುವವರಲ್ಲಿ ಈ ಮೂರೂ ಕೆಟ್ಟಿರುತ್ತವೆ. ಹೀಗಾಗಿ ನಾನು ಒಟ್ಟು ಅಂಕಕ್ಕಿಂತ ಮೊದಲ ಎರಡು ಪ್ರಶ್ನೆಗಳಿಗೆ, ಅಂದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮತ್ತು ಮನಸ್ಸು ಕುಗ್ಗಿರುವುದು ಎಂಬುವಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಅವೆರಡರಲ್ಲಿ 3 ಅಥವಾ ಹೆಚ್ಚು ಬಂದರೆ ಬಾಗಿಲು ಮುಚ್ಚಿ ಕೂತು ಮಾತಾಡುತ್ತೇನೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಆ ರೋಗಿಯನ್ನು ಅಂದೇ ಮಾತಾಡಿಸದೆ, ಮನೆಯವರನ್ನು ಕರೆಸದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡದೆ ಬಿಡುವುದಿಲ್ಲ. ರಕ್ತದ ವರದಿ ಎಲ್ಲ ಚೆನ್ನಾಗಿದೆ ಎಂದು ಬೆನ್ನುತಟ್ಟಿ ಕಳುಹಿಸಿದವರಲ್ಲಿಯೇ, ಬೆಳೆಸಾಲ ಮತ್ತು ಮನೆಯ ಜಗಳದ ಭಾರದಲ್ಲಿ ಬಾಡಿದವರು ಇರುತ್ತಾರೆ. ಯಾವ ಯಂತ್ರವೂ ಅವರನ್ನು ಹಿಡಿದುಕೊಡುವುದಿಲ್ಲ.

ಥೈರಾಯ್ಡ್ ತೊಂದರೆಯನ್ನು ತೋರಿಸುವ ಟಿಎಸ್‌ಎಚ್ ಪರೀಕ್ಷೆಯನ್ನು ಮೈ ಊದಿಕೆ, ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಇದ್ದಾಗ ಬರೆಯುತ್ತೇನೆ. ಗರ್ಭಿಣಿಯಲ್ಲದವರಲ್ಲಿ ಅದು ಸ್ವಲ್ಪ ಮಾತ್ರ ಏರಿದ್ದರೆ ಎರಡು ಮೂರು ತಿಂಗಳ ನಂತರ ಮತ್ತೆ ನೋಡದೆ ಗುಳಿಗೆ ಆರಂಭಿಸುವುದಿಲ್ಲ.

ಕೊಟ್ಟ ಚಿಕಿತ್ಸೆಯೂ ನನಗೆ ಒಂದು ಪರೀಕ್ಷೆಯೇ. ಕಬ್ಬಿಣದ ಗುಳಿಗೆಯನ್ನು ಸರಿಯಾಗಿ ತೆಗೆದುಕೊಂಡರೆ ಮೂರು ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಬೇಕು. ಏರದಿದ್ದರೆ ಗುಳಿಗೆ ನುಂಗಿಲ್ಲ, ಇಲ್ಲವೇ ಅದರ ಬೆನ್ನಿಗೇ ಚಹಾ ಕುಡಿದಿದ್ದಾರೆ, ಇಲ್ಲವೇ ರಕ್ತ ಇನ್ನೂ ಸೋರುತ್ತಿದೆ, ಇಲ್ಲವೇ ನನ್ನ ಅಂದಾಜನ್ನೇ ಬದಲಿಸಬೇಕಾಗಿದೆ. ನಮ್ಮ ಜನರಲ್ಲಿ ಬಹಳ ಮಂದಿ ಅಷ್ಟರೊಳಗೆ ಬೆಂಗಳೂರಿಗೋ ಪುಣೆಗೋ ಮುಂಬೈಗೋ ದುಡಿಯಲು ಹೊರಟಿರುತ್ತಾರೆ. ಆದ್ದರಿಂದ ಚೀಟಿಯ ಹಿಂಬದಿಯಲ್ಲಿ ಇಂದಿನ ಅಂಕಿ, ನನ್ನ ಅಂದಾಜು, ಮುಂದಿನ ಸಿಬಿಸಿಯ ದಿನಾಂಕ ಮತ್ತು ಅಂದು ಹಿಮೋಗ್ಲೋಬಿನ್ ಎಷ್ಟಿರಬೇಕು ಎಂಬುದನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು, ಅದರ ಫೋಟೋವನ್ನು ಅವರ ಮನೆಯ ಯಾರದಾದರೂ ಮೊಬೈಲಿನಲ್ಲಿ ತೆಗೆಸಿಯೇ ಕಳುಹಿಸುತ್ತೇನೆ. ಅಲ್ಲಿನ ವೈದ್ಯರು ಹೊಸದಾಗಿ ಎಲ್ಲ ಪರೀಕ್ಷೆಗಳನ್ನೂ ಬರೆಯದೆ ಆ ಒಂದೇ ಅಂಕಿಯನ್ನು ನೋಡಿ ಮುಂದುವರಿಸಬಹುದು.