ಬಟ್ಟೆಗೆ ಕತ್ತರಿ ಬೀಳೋ ಮುಂಚೆ ಮಾರ್ಕರ್ ಹಾಕೋದು ಹೇಗೆ?

ಪೀಣ್ಯ, ಬೊಮ್ಮಸಂದ್ರ ಕಡೆ ಯಾವ ಗಾರ್ಮೆಂಟ್ಸ್‌ನಲ್ಲಿ ಕೇಳಿದ್ರೂ ಅಷ್ಟೇ, ಶರ್ಟಿನ ಖರ್ಚಲ್ಲಿ ದೊಡ್ಡ ಪಾಲು ಬಟ್ಟೆಗೇ ಹೋಗೋದು, ಅದಕ್ಕೇ ಕಟಿಂಗ್ ಸೆಕ್ಷನ್‌ನಲ್ಲಿ ಮಾರ್ಕರ್ ಹಾಕೋರ ಮೇಲೆ ಎಲ್ಲರ ಕಣ್ಣು. ಮಾರ್ಕರ್ ಅಂದ್ರೆ ಪ್ಯಾಟರ್ನ್ ಪೀಸ್‌ಗಳನ್ನ, ಅಂದ್ರೆ ಶರ್ಟಿನ ಒಂದೊಂದು ಭಾಗದ ಆಕಾರಗಳನ್ನ, ಒತ್ತೊತ್ತಾಗಿ ಜೋಡಿಸಿರೋ ಉದ್ದನೆ ಪೇಪರ್, ಪದರ ಪದರವಾಗಿ ಹಾಸಿದ ಬಟ್ಟೆ ಮೇಲೆ ಅದನ್ನಿಟ್ಟು ಕಟ್ ಮಾಡ್ತಾರೆ.

ಮೊದಲು ಅಗಲ. ರೋಲ್ ಮೇಲಿರೋ ಲೇಬಲ್ ನಂಬ್ಬೇಡಿ, ಟೇಪ್ ಹಿಡಿದು ನಾಲ್ಕೈದು ರೋಲ್ ಅಳೀರಿ. 58 ಇಂಚು ಅಂತ ಬರೆದಿದ್ರೂ ಎರಡೂ ಕಡೆ ಅಂಚು ಬಿಟ್ರೆ ಕೈಗೆ ಸಿಗೋದು 57 ಇರಬಹುದು, ಇನ್ನೂ ಕಮ್ಮಿನೂ ಇರಬಹುದು. ತೀರಾ ಕಮ್ಮಿ ಇರೋ ರೋಲ್‌ಗಳನ್ನ ಬೇರೆ ಇಟ್ಟು ಅವಕ್ಕೇ ಇನ್ನೊಂದು ಮಾರ್ಕರ್ ಮಾಡಿ.

ಆಮೇಲೆ ಸೈಜ್ ರೇಷಿಯೋ. 600 ಶರ್ಟ್ ಆರ್ಡರ್, ಸ್ಮಾಲ್ 100, ಮೀಡಿಯಂ 200, ಲಾರ್ಜ್ 200, ಎಕ್ಸ್‌ಎಲ್ 100 ಅಂದ್ಕೊಳ್ಳಿ. 1:2:2:1 ಅಂತ ಒಂದೇ ಮಾರ್ಕರ್‌ನಲ್ಲಿ ಆರು ಶರ್ಟ್ ಕೂರಿಸಿ 100 ಪದರ ಹಾಸಿದ್ರೆ ಲೆಕ್ಕ ಮುಗೀತು. ದೊಡ್ಡ ಸೈಜ್ ಪಕ್ಕ ಚಿಕ್ಕ ಸೈಜ್ ಬಂದ್ರೆ ಸಂದಿನೂ ಚೆನ್ನಾಗಿ ತುಂಬುತ್ತೆ.

ಜೋಡಿಸುವಾಗ ಬ್ಯಾಕ್, ಫ್ರಂಟ್, ಸ್ಲೀವ್ ಮೊದಲು, ಕಾಲರ್ ಕಫ್ ಪಾಕೆಟ್ ಎಲ್ಲಾ ಉಳಿದ ಸಂದಿಗೆ. ಬಟ್ಟೆ ಎಲ್ಲಾ ಪದರದಲ್ಲೂ ಮುಖ ಮೇಲಾಗಿ ಹಾಸಿದ್ರೆ ಎಡ ತೋಳು ಬಲ ತೋಳು ಎರಡೂ ಮಾರ್ಕರ್‌ನಲ್ಲಿ ಇರ್ಲೇಬೇಕು, ಇಲ್ಲಾಂದ್ರೆ 100 ಪದರದಲ್ಲೂ ಎಡ ತೋಳೇ! ಕಾರ್ಡುರಾಯ್, ವೆಲ್ವೆಟ್ ಆದ್ರೆ ಎಲ್ಲಾ ಪೀಸೂ ಒಂದೇ ದಿಕ್ಕಿಗೆ, ತಿರುಗಿಸಿ ಇಟ್ರೆ ಹೊಲಿದ ಮೇಲೆ ಶೇಡ್ ಬೇರೆ ಥರ ಕಾಣುತ್ತೆ. ಚೆಕ್ಸ್ ಆದ್ರೆ ಗೆರೆ ಕೂಡಿಸ್ಬೇಕಾದ್ರಿಂದ ಬಟ್ಟೆ ಜಾಸ್ತಿನೇ ಬೇಕು, ಅಲ್ಲಿ ಜಿಪುಣತನ ನಡೆಯಲ್ಲ.

ಈಗ ಕಂಪ್ಯೂಟರ್ ಎಫಿಷಿಯೆನ್ಸಿ ಎಷ್ಟು ಪರ್ಸೆಂಟ್ ಅಂತ ತೋರಿಸುತ್ತೆ, ಅಂದ್ರೆ ಮಾರ್ಕರ್ ಜಾಗದಲ್ಲಿ ಪೀಸ್‌ಗಳು ತುಂಬಿರೋ ಭಾಗ. ಮಾರ್ಕರ್ ಉದ್ದ ಎರಡೇ ಇಂಚು ಕಮ್ಮಿ ಆದ್ರೂ 100 ಪದರಕ್ಕೆ 200 ಇಂಚು, ಹತ್ತತ್ರ 5 ಮೀಟರ್, ಮೂರು ಶರ್ಟ್ ಬಟ್ಟೆ ಉಳೀತು. ಆದ್ರೆ ಆ ನಂಬರ್ ಏರಿಸೋಕೆ ಅಂತ ಗ್ರೇನ್ ಲೈನ್ (ಪೀಸ್ ಬಟ್ಟೆಯ ನೂಲಿನ ದಿಕ್ಕಿಗೆ ನೇರ ಇರ್ಲಿ ಅಂತ ಹಾಕಿರೋ ಗೆರೆ) ವಾರೆ ಮಾಡ್ಬೇಡಿ, ಒಗೆದ ಮೇಲೆ ಶರ್ಟ್ ತಿರುಚಿಕೊಳ್ಳುತ್ತೆ, ಬೈಯರ್ ವಾಪಸ್ ಕಳಿಸ್ತಾನೆ. ಆರ್ಮ್‌ಹೋಲ್‌ನಂಥ (ತೋಳು ಜೋಡಿಸೋ ಜಾಗ) ತಿರುವಲ್ಲಿ ನೈಫ್ ತಿರುಗೋಕೆ ಸ್ವಲ್ಪ ಜಾಗನೂ ಬಿಡಿ, ಕಟರ್‌ನೇ ಕೇಳಿ, ಎಲ್ಲಿ ಕಷ್ಟ ಅಂತ ಅವರೇ ಬೆರಳಿಟ್ಟು ತೋರಿಸ್ತಾರೆ.

ಪ್ರಿಂಟ್ ತೆಗೆದ ಮೇಲೆ ಪ್ರತಿ ಸೈಜಿನ ಪೀಸ್ ಎಣಿಸಿ, ನಾಚ್ (ಹೊಲಿಯುವಾಗ ಪೀಸ್ ಕೂಡಿಸೋಕೆ ಅಂಚಲ್ಲಿ ಹಾಕೋ ಸಣ್ಣ ಗುರುತು) ಎಲ್ಲಾ ಬಂದಿದ್ಯಾ ನೋಡಿ, ಆಮೇಲಷ್ಟೇ ಬಟ್ಟೆ ಹಾಸೋಕೆ ಹೇಳಿ.