ಎಐ ಚಿತ್ರ ಎಂದು ಬರೆದೇ ಇಳಕಲ್ ಸೀರೆ ಮಾರುವುದು: ನನ್ನ ಅನುಭವ

'ಎಐ ಎಂದು ಬರೆದರೆ ಗಿರಾಕಿ ಓಡಿಹೋಗ್ತಾರೆ' ಎಂದು ಆನ್‌ಲೈನ್‌ನಲ್ಲಿ ಸೀರೆ ಮಾರುವ ಹತ್ತು ಜನರಲ್ಲಿ ಒಂಬತ್ತು ಜನ ಹೇಳಿದ್ದರು. ಈಗ ಒಂದೂವರೆ ವರ್ಷದಿಂದ ಚಿತ್ರದ ಮೇಲೇ ಬರೆದು ಮಾರುತ್ತಿದ್ದೇನೆ. ಮೊದಲು ನೂರು ಪಾರ್ಸೆಲ್ ಹೋದರೆ 22–23 ವಾಪಸ್ ಬರುತ್ತಿದ್ದವು, ಅದರಲ್ಲಿ ಅರ್ಧಕ್ಕೆ 'ಫೋಟೊದಲ್ಲಿ ಇದ್ದ ಹಾಗಿಲ್ಲ' ಎಂಬುದೇ ಕಾರಣ. ಈಗ 9–10 ಬರುತ್ತವೆ. ಮೊದಲ ಆರು ವಾರ ಕ್ಲಿಕ್ ಸುಮಾರು ಐದರಲ್ಲಿ ಒಂದು ಪಾಲು ಬಿದ್ದಿದ್ದು ನಿಜ, ಆರ್ಡರ್ ಕೂಡ ನೂರಕ್ಕೆ 92ರ ಹತ್ತಿರ ಇಳಿಯಿತು. ಆದರೆ ರಿಟರ್ನ್ ಕಳೆದು ಕೈಯಲ್ಲಿ ಉಳಿದ ಮಾರಾಟ 78ರ ಬದಲು 83. ಅನುಮಾನಪಟ್ಟವರು ಮೊದಲ ಲೆಕ್ಕವನ್ನಷ್ಟೇ ನೋಡಿದ್ದರು.

ದುಡ್ಡಿನ ಲೆಕ್ಕ ಹೀಗಿದೆ. ಹತ್ತಿ ಒಡಲಿನ ₹1,400ರ ಸೀರೆಯಲ್ಲಿ ತಾಣದ ಕಮಿಷನ್ ಕಳೆದು ಉಳಿಯುವುದು ₹250ರ ಆಸುಪಾಸು. ಒಂದು ರಿಟರ್ನ್‌ಗೆ ಹೋಗಿಬರುವ ಕೊರಿಯರ್ ₹150–160, ಮತ್ತೆ ಇಸ್ತ್ರಿ ಮಾಡಿ ಹೊಸ ಕವರ್ ಹಾಕುವುದಕ್ಕೆ ₹35–40, ಜೊತೆಗೆ ಮಾಲು 12–15 ದಿನ ದಾರಿಯಲ್ಲೇ ಇರುತ್ತದೆ. ಮಡಿಕೆ ಒಮ್ಮೆ ಬಿಚ್ಚಿದ ಸೀರೆ ಮತ್ತೆ ಹೊಸದರ ಹಾಗೆ ಕೂರುವುದಿಲ್ಲ. ನೂರು ಪಾರ್ಸೆಲ್‌ಗೆ ಹದಿಮೂರು ರಿಟರ್ನ್ ಕಡಿಮೆಯಾದರೆ ಹತ್ತಿರಹತ್ತಿರ ₹2,500 ಉಳಿಯಿತು. ಮಾಡೆಲ್, ಫೋಟೊಗ್ರಾಫರ್ ಹಿಡಿದು ಅರ್ಧ ದಿನ ಶೂಟ್ ಮಾಡಿದರೆ ಸೀರೆಗೆ ₹800 ಬೀಳುತ್ತಿತ್ತು. ಕೆಟ್ಟುಹೋದ ಪ್ರಯತ್ನಗಳನ್ನೂ ಸೇರಿಸಿದರೆ ಎಐ ಚಿತ್ರ ₹40–50ಕ್ಕೆ ಮುಗಿಯುತ್ತದೆ. ಅದಕ್ಕೇ ಎಐ ಬಿಡುವ ಮಾತಿಲ್ಲ. ಹೇಳದೇ ಬಳಸುವುದನ್ನು ಮಾತ್ರ ಬಿಟ್ಟೆ.

ಮೊದಲು ನಾನು ಮಾಡಿದ ತಪ್ಪು, ಎಲ್ಲ ಚಿತ್ರವನ್ನೂ ಒಂದೇ ಗುಂಪಿಗೆ ಸೇರಿಸಿ ಎಲ್ಲದರ ಮೇಲೂ 'ಎಐ' ಎಂದು ಮುದ್ರೆ ಹೊಡೆದದ್ದು. 'ಹಾಗಾದರೆ ಸೀರೆ ನಿಜವಾಗಿ ಇದೆಯೋ ಇಲ್ಲವೋ' ಎಂದು ಗಿರಾಕಿಗಳು ಕೇಳತೊಡಗಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಈಗ ಮೂರು ಬಗೆ ಮಾಡಿಕೊಂಡಿದ್ದೇನೆ. ಹಿನ್ನೆಲೆ ಅಳಿಸಿ ಬಿಳಿ ಮಾಡಿದ್ದು, ಬೆಳಕು ಸರಿಪಡಿಸಿದ್ದು ಒಂದನೇ ಬಗೆ. ಇದಕ್ಕೆ 'ಎಐ' ಎಂದು ಬರೆದ ಪಟ್ಟಿ ಬೇಡ, ಸೀರೆ ಬದಲಾಗಿಲ್ಲ. ಸೀರೆ ನಮ್ಮ ಕ್ಯಾಮೆರಾದ್ದು, ತೊಟ್ಟಿ ಮನೆಯ ಕಂಬ, ಹಿತ್ತಾಳೆ ದೀಪ ಇತ್ಯಾದಿ ಎಐದು, ಇದು ಎರಡನೆಯದು. ಎಐ ಮಾಡೆಲ್ ಸೀರೆ ಉಟ್ಟು ನಿಂತದ್ದು ಮೂರನೆಯದು. ಇದರಲ್ಲಿ ನೆರಿಗೆ, ಮಡಿಕೆ, ಸೆರಗಿನ ಬೀಳು ಎಲ್ಲವನ್ನೂ ಯಂತ್ರ ಹೊಸದಾಗಿ ಬರೆದಿರುತ್ತದೆ. 'ಸೀರೆ ನಮ್ಮದೇ ಫೋಟೊ ಕೊಟ್ಟು ಮಾಡಿಸಿದ್ದು, ಮಾಡೆಲ್ ಮಾತ್ರ ಎಐ' ಎಂದು ಇದಕ್ಕೆ ಬರೆಯುವವರಿದ್ದಾರೆ. ಅದು ಸುಳ್ಳು. ಬಟ್ಟೆ ಬಾಗಿದ ಕಡೆಯೆಲ್ಲ ಅದು ಎಐ ಬಟ್ಟೆ.

ಇಳಕಲ್ ಸೀರೆಯಲ್ಲಿ ಈ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ. ಇಳಕಲ್‌ನ ಸಾಂಪ್ರದಾಯಿಕ ವಿನ್ಯಾಸವಾದ ಟೋಪ ತೆನಿ ಸೆರಗು ಕೊಡಿ ಎಂದರೆ ಯಂತ್ರ ಕಂಚಿ ಸೀರೆಯ ಗುಡಿ ಗೋಪುರ ಕೊಡುತ್ತದೆ, ಕೇಳದೇ ಜರಿ ಸುರಿಯುತ್ತದೆ. ಗೋಮಿ ಎಂಬ ದಡಿಯ (ಅಂಚಿನ) ಗೆರೆಗಳು ಮೊಣಕಾಲಿನ ಹತ್ತಿರ ಒಂದು ಕಡೆ ಬಾಗಿ, ಪಾದದ ಹತ್ತಿರ ಇನ್ನೊಂದು ಕಡೆ ಬಾಗಿರುತ್ತವೆ. ಕೊಂಡಿಯನ್ನಂತೂ ಪೂರ್ತಿ ನುಂಗಿಬಿಡುತ್ತದೆ. ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನು) ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸುವ ಆ ಸಾಲೇ ಇಳಕಲ್ ಸೀರೆಯ ಗುರುತು. ಅದನ್ನು ಬೆರಳಿಂದ ಮುಟ್ಟಿ ನೋಡಿ ಕೊಳ್ಳುವವರಿಗೆ ಕೊಂಡಿಯೇ ಇಲ್ಲದ ಚಿತ್ರ ತೋರಿಸಿದರೆ ನಂಬಿಕೆ ಅಲ್ಲಿಗೇ ಹೋಯಿತು. ಕಸೂತಿಯದೂ ಇದೇ ಪಾಡು. ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣಬೇಕು, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ನೇಯ್ಗಿ ನೆಯ್ದ ಹಾಗೆ ಕಾಣಬೇಕು. ಎಐ ಎಲ್ಲವನ್ನೂ ಅಡ್ಡಹೊಲಿಗೆಯ ಮೆಂತಿ ಮಾಡಿ ಕೂರಿಸುತ್ತದೆ. ಆದ್ದರಿಂದ ಕಸೂತಿ ಸೀರೆಗೆ ಹಿಂಬದಿಯ ನಿಜ ಫೋಟೊ ಒಂದನ್ನು ಕಡ್ಡಾಯ ಮಾಡಿಕೊಂಡೆ.

ಈಗ ನಾನು ಹಾಕುವ ಕ್ರಮ. ಮೊದಲ ಚಿತ್ರ ಯಾವತ್ತೂ ನಿಜ ಫೋಟೊ. ಅಮೆಜಾನ್‌ನಲ್ಲಿ ಈ ಮೊದಲ ಚಿತ್ರದ, ಅಂದರೆ ಮೇನ್ ಇಮೇಜ್‌ನ ಹಿನ್ನೆಲೆ ಅಚ್ಚ ಬಿಳಿ (ಆರ್‌ಜಿಬಿ 255, 255, 255) ಇರಬೇಕು, ಮಾಲು ಚೌಕಟ್ಟಿನ 85% ತುಂಬಬೇಕು, ಅಕ್ಷರ, ಲೋಗೊ, ವಾಟರ್‌ಮಾರ್ಕ್ ಇರಬಾರದು. ಅಕ್ಷರ ಹಾಕುವಂತಿಲ್ಲ ಅಂದ ಮೇಲೆ ಎಐ ಎಂದು ಹೇಳಲೂ ಜಾಗವಿಲ್ಲ, ಹೇಳಲು ಜಾಗವಿಲ್ಲದ ಕಡೆ ಎಐ ಚಿತ್ರ ಹಾಕುವುದಿಲ್ಲ. ಇದು ನಾನೇ ಮಾಡಿಕೊಂಡ ನಿಯಮ. ಇದಕ್ಕೆ ಮೊದಲು ಒಂದು ತಾಣದಲ್ಲಿ ಮೇನ್ ಇಮೇಜ್ ಮೇಲೇ ಪಟ್ಟಿ ಅಂಟಿಸಿದ್ದೆ. 14 ಲಿಸ್ಟಿಂಗ್ (ಮಾಲಿನ ಪುಟಗಳು) ಒಂಬತ್ತು ದಿನ ಕಾಣೆಯಾದವು, ಅದೂ ದಸರೆಯ ಮುಂದೆ. ಉಡುಪಿನ ವಿಭಾಗದಲ್ಲಿ ಮೇನ್ ಇಮೇಜ್ ಮಾಡೆಲ್ ಮೇಲೇ ಇರಬೇಕು ಎಂಬ ನಿಯಮವಿದ್ದರೆ ಯಾರಿಗಾದರೂ ಉಡಿಸಿ ಒಂದು ನಿಜ ಫೋಟೊ ತೆಗೆಯಿರಿ, ಬೇರೆ ದಾರಿಯಿಲ್ಲ.

ಎರಡನೆಯದು ಸೆರಗು ಪೂರ್ತಿ ಬಿಚ್ಚಿದ್ದು. ಮೂರನೆಯದು ದಡಿ ಮತ್ತು ಕೊಂಡಿ, ಪಕ್ಕದಲ್ಲಿ ಸೆಂಟಿಮೀಟರ್ ಟೇಪ್ ಇಟ್ಟು. ನಾಲ್ಕು, ಐದರಲ್ಲಿ ಎಐ. ಆರನೆಯದು ಮತ್ತೆ ನಿಜ: ಒಡಲಿನ ಬಟ್ಟೆಯನ್ನು ಕಿಟಕಿಗೆ ಹಿಡಿದು ನೇಯ್ಗೆಯ ಸಾಂದ್ರತೆ ತೋರಿಸುವುದು. ಎಐ ಚಿತ್ರ ಎರಡನೇ ಜಾಗದಲ್ಲಿಟ್ಟು ನೋಡಿದ್ದೇನೆ, ರಿಟರ್ನ್ ಮತ್ತೆ ಏರಿತು. ಬಹಳ ಜನ ಎರಡೇ ಚಿತ್ರ ಸರಿಸಿ ನೋಡಿ ಕೊಂಡುಬಿಡುತ್ತಾರೆ ಎಂಬುದು ನನ್ನ ಊಹೆ.

ಇನ್ನು ಪಟ್ಟಿ. 2000 ಪಿಕ್ಸೆಲ್ ಅಗಲದ ಚಿತ್ರ ಮೊಬೈಲ್‌ನಲ್ಲಿ ಐದನೇ ಒಂದು ಪಾಲಿಗೆ ಕುಗ್ಗುತ್ತದೆ. ನಾನು ಮೊದಲು ಹಾಕಿದ 28 ಪಿಕ್ಸೆಲ್ ಅಕ್ಷರ ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಕಂಡಿತು. ಅಷ್ಟು ಸಣ್ಣದಾಗಿ ಬರೆಯುವುದು ಬಚ್ಚಿಟ್ಟ ಲೆಕ್ಕವೇ. ಈಗ ಇಂಗ್ಲಿಷ್ ಅಕ್ಷರ 60, ಕನ್ನಡದ್ದು 72, ಏಕೆಂದರೆ ನಮ್ಮ ಒತ್ತಕ್ಷರ ಕೆಳಗೆ ಜಾಗ ಕೇಳುತ್ತದೆ. ಬಿಳಿ ಪಟ್ಟಿ, ಕಪ್ಪು ಅಕ್ಷರ, ಅಂಚಿನಿಂದ 150 ಪಿಕ್ಸೆಲ್ ಬಿಟ್ಟು, ಮೇಲ್ಭಾಗದಲ್ಲಿ. ಕೆಳಗೆ ಹಾಕಿದರೆ ಚಿತ್ರ ಸರಿಸುವ ಚುಕ್ಕೆಗಳ ಅಡಿಗೆ ಹೋಗುತ್ತದೆ. ತೀರಾ ಅಂಚಿಗೆ ಹಾಕಿದರೆ ಚೌಕ ಥಂಬ್‌ನೇಲ್ ಅದನ್ನು ಕತ್ತರಿಸುತ್ತದೆ. ಪಟ್ಟಿಯನ್ನು ಎಐಗೆ ಬರೆಯಲು ಹೇಳಬೇಡಿ, ಕನ್ನಡ ಅಕ್ಷರವನ್ನು ಅದು ಚಿತ್ರದ ಹಾಗೆ ಗೀಚುತ್ತದೆ. ಟೆಕ್ಸ್ಟ್ ಲೇಯರ್‌ನಲ್ಲೇ ಹಾಕಿ, ಹಾಕಿದ ಮೇಲೆ ಒತ್ತು ಕಳಚಿಕೊಂಡು ಬೇರೆ ನಿಂತಿದೆಯೇ ನೋಡಿ. ಹಳೆಯ ಎಡಿಟಿಂಗ್ ಆ್ಯಪ್‌ಗಳಲ್ಲಿ 'ಚಿತ್ರ' ಎಂಬ ಸಣ್ಣ ಮಾತೂ ಒಡೆದುಹೋಗುತ್ತದೆ.

ಮಾತು ಯಾವುದು ಎಂಬುದರ ಮೇಲೆ ನಾಲ್ಕು ಸಲ ಪ್ರಯೋಗ ಮಾಡಿದೆ. 'ಎಐ ಚಿತ್ರ' ಎಂದಷ್ಟೇ ಬರೆದಾಗ ಮಾರಾಟ ಎಲ್ಲಕ್ಕಿಂತ ಕೆಟ್ಟದಾಗಿತ್ತು. 'ಚಿತ್ರ ಕಲ್ಪನೆಗಾಗಿ ಮಾತ್ರ' ಎಂಬುದನ್ನು ಯಾರೂ ಓದಲಿಲ್ಲ, ಎಲ್ಲರೂ ಎಲ್ಲ ಕಡೆ ಬರೆಯುವ ಮಾತದು. ನಿಂತದ್ದು ಇದು. ಎರಡನೇ ಬಗೆಗೆ: 'ಸೀರೆ ನಿಜ ಫೋಟೊ. ಹಿನ್ನೆಲೆ ಎಐ.' ಮೂರನೇ ಬಗೆಗೆ: 'ಉಟ್ಟಾಗ ಹೇಗೆ ಕಾಣಬಹುದು ಎಂದು ಎಐ ಬರೆದ ಚಿತ್ರ. ನಿಮಗೆ ಬರುವ ಸೀರೆ 1, 2, 3ನೇ ಚಿತ್ರದಲ್ಲಿದೆ.' ಯಾವುದು ನಿಜ, ಅದು ಎಲ್ಲಿದೆ ಎಂದು ಕೈ ಹಿಡಿದು ತೋರಿಸಿದರೆ ಯಾರೂ ಹೆದರುವುದಿಲ್ಲ. ಇದೇ ಮಾತು ವಿವರಣೆಯ ಮೊದಲ ಸಾಲಿನಲ್ಲೂ ಇರುತ್ತದೆ, ಪಾರ್ಸೆಲ್‌ನೊಳಗಿನ ಚೀಟಿಯಲ್ಲೂ ಇರುತ್ತದೆ. ಮಹಾರಾಷ್ಟ್ರಕ್ಕೆ ಹೋಗುವ ಮಾಲು ನಮ್ಮಲ್ಲಿ ಕಡಿಮೆಯೇನಲ್ಲ, ಅಲ್ಲಿ ಇದನ್ನು ಇರಕಲ್ ಎನ್ನುತ್ತಾರೆ, ಹಾಗಾಗಿ ವಿವರಣೆಯಲ್ಲಿ ಮರಾಠಿ ಸಾಲೂ ಒಂದು ಇದೆ.

ಎರಡನೇ ಬಗೆಯಲ್ಲಿ 'ಸೀರೆ ನಿಜ ಫೋಟೊ' ಎಂದು ಬರೆದ ಮೇಲೆ ಅದು ನಿಜವಾಗಿರಲೇಬೇಕಲ್ಲ. ಇಲ್ಲಿ ಬಹಳ ಜನ ತಿಳಿಯದೇ ಜಾರುತ್ತಾರೆ. ಹಿನ್ನೆಲೆ ಮಾತ್ರ ಬದಲಿಸು ಎಂದರೂ ಕೆಲವು ಉಪಕರಣಗಳು ಇಡೀ ಚಿತ್ರವನ್ನೇ ಮತ್ತೆ ಬರೆದು ಕೊಡುತ್ತವೆ, ದಡಿ ಒಂದು ಎಳೆ ದಪ್ಪವಾಗಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಪರೀಕ್ಷಿಸುವುದು ಹೀಗೆ: ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೂಲ ಫೋಟೊ ಕೆಳಗೆ, ಎಐ ಕೊಟ್ಟದ್ದು ಮೇಲೆ, ಎರಡೂ ಒಂದೇ ಅಳತೆ, ಪಿಎನ್‌ಜಿ. ಮೇಲಿನ ಲೇಯರ್‌ನ ಮೋಡ್ 'ಡಿಫರೆನ್ಸ್'. ಸೀರೆಯ ಜಾಗ ಅಚ್ಚ ಕಪ್ಪಾಗಿದ್ದರೆ ಒಂದು ಪಿಕ್ಸೆಲ್ಲೂ ಬದಲಾಗಿಲ್ಲ. ಅನುಮಾನವಿದ್ದರೆ 'ನ್ಯೂ ಫ್ರಮ್ ವಿಸಿಬಲ್' ಕೊಟ್ಟು ಕಾಣುವುದನ್ನು ಒಂದು ಹೊಸ ಲೇಯರ್ ಮಾಡಿಕೊಂಡು, ಅದರ ಲೆವೆಲ್ಸ್‌ನಲ್ಲಿ ಬಲಗಡೆಯ ಗುಂಡಿಯನ್ನು 20ರವರೆಗೆ ಎಳೆಯಿರಿ, ಬಚ್ಚಿಟ್ಟುಕೊಂಡ ಬೂದು ಕಲೆಗಳೆಲ್ಲ ಎದ್ದುಬರುತ್ತವೆ. ಕಲೆ ಕಂಡರೆ ಮೂಲ ಸೀರೆಯನ್ನು ಕತ್ತರಿಸಿ ಅದರ ಮೇಲೇ ಕೂರಿಸಿ. ಸೆರಗಿನ ಗೊಂಡೆಯ ಎಳೆಗಳನ್ನು ಬಿಳಿ ಅಂಚು ಬಾರದಂತೆ ಕತ್ತರಿಸುವುದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದಕ್ಕೆ ಮೂರು ತಿಂಗಳು ಹಿಡಿದಿದೆ, ಅಂಗಡಿಯ ಗುಟ್ಟಾಗಿಯೇ ಇರಲಿ.

ಪಟ್ಟಿ ಹಾಕಿದ ಮೇಲೂ 'ಬಣ್ಣ ಬೇರೆ' ಎಂಬ ದೂರು ನಿಲ್ಲಲಿಲ್ಲ. ಅದರಲ್ಲಿ ಎಐ ತಪ್ಪು ಕಡಿಮೆ, ಕ್ಯಾಮೆರಾ ತಪ್ಪು ಹೆಚ್ಚು. ದಾಳಿಂಬೆ ಕೆಂಪು ಮೊಬೈಲ್‌ನಲ್ಲಿ ಉಕ್ಕಿ ಹರಿದು ನೇಯ್ಗೆಯೇ ಮುಚ್ಚಿಹೋಗುತ್ತದೆ. ಎಕ್ಸ್‌ಪೋಶರ್ 0.7 ಇಳಿಸಿ, ಬೂದು ಕಾರ್ಡ್ ಇಟ್ಟು, ಕಿಟಕಿಯ ನೆರಳು ಬೆಳಕಲ್ಲಿ ತೆಗೆಯಬೇಕು, ಟ್ಯೂಬ್‌ಲೈಟ್ ಆರಿಸಬೇಕು. ಇನ್ನೊಂದು ಕಳ್ಳ: ಕೆಲವು ಫೋನ್‌ಗಳು ಹೆಚ್ಚು ಬಣ್ಣ ಹಿಡಿಯುವ ಡಿಸ್‌ಪ್ಲೇ ಪಿ3 ಎಂಬ ಬಣ್ಣದ ಪ್ರೊಫೈಲ್‌ನಲ್ಲಿ ಉಳಿಸುತ್ತವೆ, ಅಪ್‌ಲೋಡ್ ಆಗುವಾಗ ಪ್ರೊಫೈಲ್ ಕಳಚಿದರೆ ಬಣ್ಣ ಸಪ್ಪೆಯಾಗುತ್ತದೆ. ಮೊದಲೇ ವೆಬ್‌ನ ಮಾಮೂಲಿ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗೆ ಬದಲಿಸಿಕೊಳ್ಳಿ. ಇಷ್ಟು ಮಾಡಿದ ಮೇಲೆ ಬಣ್ಣದ ರಿಟರ್ನ್ ನೂರಕ್ಕೆ ಎರಡು ಮೂರಕ್ಕೆ ಬಂತು.

ಚಿತ್ರ ಎಐದು ಎಂದು ಹೇಳುವ, ಕಡತದೊಳಗಿನ ಗುರುತು ಬೇರೆ ಕೆಲಸ. ಸ್ವಂತ ವೆಬ್‌ಸೈಟಿನ ಮಾಲನ್ನು ಗೂಗಲ್‌ನಲ್ಲಿ ಮಾಲು ತೋರಿಸುವ ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಕೊಡುವವರು ಎಐ ಚಿತ್ರದಲ್ಲಿ ಐಪಿಟಿಸಿಯ (ಫೋಟೊದೊಳಗೆ ಮಾಹಿತಿ ಬರೆಯುವ ಮಾನದಂಡ) 'ಡಿಜಿಟಲ್ ಸೋರ್ಸ್ ಟೈಪ್' ಇಡಲೇಬೇಕು, ಇದ್ದದ್ದನ್ನು ಅಳಿಸಲೂಬಾರದು. ನನ್ನ ಮೂರನೇ ಬಗೆಗೆ 'ಟ್ರೇನ್ಡ್ ಅಲ್ಗರಿದಮಿಕ್ ಮೀಡಿಯಾ', ಎರಡನೇ ಬಗೆಗೆ 'ಕಾಂಪೋಸಿಟ್ ವಿತ್ ಟ್ರೇನ್ಡ್ ಅಲ್ಗರಿದಮಿಕ್ ಮೀಡಿಯಾ'. ಈ ಗುರುತು ಬರೆಯುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ಒಂದೇ ಸಾಲಿನ ಆಜ್ಞೆಗೆ ಇಡೀ ಫೋಲ್ಡರ್ ಮುಗಿಯುತ್ತದೆ. ಅಳತೆ ಕುಗ್ಗಿಸುವುದು, ಪಟ್ಟಿ ಹಾಕುವುದು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಇದನ್ನು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುರುತು ಹೋಯಿತು, ಸ್ಕ್ರೀನ್‌ಶಾಟ್ ತೆಗೆದರೆ ಹೋಯಿತು. 60 ಚಿತ್ರಗಳ ಗುರುತು ನಾನು ಹೀಗೇ ಕಳೆದುಕೊಂಡು ಮತ್ತೆ ಕೂತು ಹಾಕಿದ್ದೇನೆ. ಆದರೆ ಈ ಗುರುತು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಇದನ್ನೇ ನೆಚ್ಚಿ ಪಟ್ಟಿ ಬಿಡಬೇಡಿ.

ಕಾನೂನಿನ ಬಗ್ಗೆ ಕೇಳುವವರಿಗೆ: 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಜಾಹೀರಾತು ಮಾಲಿನ ನಿಜ ಗುಣಕ್ಕೆ ಹೊಂದಬೇಕು, ಹೊಂದದಿದ್ದರೆ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಇದು ಮಾರುವವರಾದ ನಮ್ಮ ಮೇಲೇ ಇರುವ ಹೊಣೆ. 2026ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳ ತಿದ್ದುಪಡಿ ಕೃತಕವಾಗಿ ತಯಾರಾದ ಚಿತ್ರಕ್ಕೆ ಎದ್ದುಕಾಣುವ ಗುರುತು ಬೇಕೆನ್ನುತ್ತದೆ, ಮಾಮೂಲಿ ಬಣ್ಣ, ಬೆಳಕಿನ ತಿದ್ದುಪಡಿಯನ್ನು ಹೊರಗಿಡುತ್ತದೆ. 'ಚಿತ್ರದ 10% ಜಾಗ ಮುಚ್ಚಬೇಕಂತೆ' ಎಂದು ಈಗಲೂ ಹೇಳುವವರಿದ್ದಾರೆ. ಅದು 2025ರ ಅಕ್ಟೋಬರ್‌ನ ಕರಡಿನಲ್ಲಿತ್ತು, ಅಂತಿಮ ನಿಯಮದಲ್ಲಿ ಆ ಅಂಕಿ ಇಲ್ಲ.

ಅಮೆರಿಕ, ದುಬೈ ಕನ್ನಡಿಗರಿಗಾಗಿ ಎಟ್ಸಿ ಎಂಬ ಕೈಕೆಲಸದ ಮಾಲಿನ ತಾಣದಲ್ಲಿ ಇಟ್ಟಿರುವ ಕಸೂತಿ ಸೀರೆಗಳಿಗೆ ಎಐ ಮುಟ್ಟಿಸುವುದೇ ಇಲ್ಲ. ಅಲ್ಲಿ ಕೈಕೆಲಸದ ಮಾಲಿಗೆ ಸ್ವಂತ ಫೋಟೊ ಕೇಳುತ್ತಾರೆ. ಬದಲಿಗೆ 20 ಸೆಕೆಂಡಿನ ವಿಡಿಯೊ: ಸೆರಗು ಎಳೆಯುವುದು, ಹೆಬ್ಬೆರಳಿಂದ ಕೊಂಡಿ ಸವರುವುದು, ಬಟ್ಟೆ ತಿರುಗಿಸಿ ಗವಂತಿಯ ಹಿಂಬದಿ ತೋರಿಸುವುದು.

ಒಂದು ಪ್ರಯೋಗ ಪೂರ್ತಿ ಕೈಬಿಟ್ಟೆ. ಒಂದೇ ಸೀರೆಯ ಫೋಟೊ ತೆಗೆದು, ಉಳಿದ ಆರು ಬಣ್ಣಗಳನ್ನು ಎಐಯಿಂದ ಮಾಡಿಸಿ 'ಬಣ್ಣ ಎಐ' ಎಂದು ಪಟ್ಟಿ ಹಾಕಿದ್ದೆ. ಸತ್ಯವನ್ನೇ ಬರೆದಿದ್ದೆ, ಆದರೂ ಆ ಆರರಲ್ಲಿ ಮೂರಕ್ಕೊಂದು ವಾಪಸ್ ಬಂತು. ನಮ್ಮ ಸೀರೆಗಳಲ್ಲಿ ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವುದುಂಟು. ನೇರ ನೋಡಿದರೆ ಹಸಿರು, ಓರೆ ಹಿಡಿದರೆ ಒಳಗಿಂದ ಕೆಂಪು ಮಿಂಚುತ್ತದೆ. ಎಐ ಹಸಿರನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿದ ಹಾಗೆ ಒಂದೇ ಸಮನೆ ಬಳಿದಿತ್ತು. ಈಗ ಪ್ರತಿ ಬಣ್ಣಕ್ಕೂ ಎರಡು ನಿಜ ಫೋಟೊ, ಒಂದು ನೇರ, ಒಂದು ಓರೆ. ಬಣ್ಣಕ್ಕೆ ಹನ್ನೆರಡು ನಿಮಿಷ ಹೆಚ್ಚು ಹಿಡಿಯುತ್ತದೆ.