ಅಮೆರಿಕದ ತತ್ವಚಿಂತನೆಯ ಮೂಲ ಕೃತಿಗಳನ್ನು ಓದೋದು ಹೇಗೆ?

ಕಾಲಕ್ರಮದಲ್ಲಿ ಓದಲು ಹೋಗಬೇಡಿ. ಕ್ರೈಸ್ತ ಧರ್ಮಶಾಸ್ತ್ರಜ್ಞ ಜೋನಾಥನ್ ಎಡ್ವರ್ಡ್ಸ್ 1754ರಲ್ಲಿ ಸಂಕಲ್ಪ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲೇ ಸುಸ್ತಾಗಿಬಿಡುತ್ತೀರಿ.

ಮೊದಲು ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಅವರ 1878ರ ಲೇಖನ ಹಿಡಿಯಿರಿ, ವಿಚಾರಗಳನ್ನು ಸ್ಪಷ್ಟ ಮಾಡಿಕೊಳ್ಳುವುದು ಹೇಗೆ ಅನ್ನೋದು. ಅದರಲ್ಲಿ ವಜ್ರದ ಮಾತು ಬರುತ್ತದೆ. ವಜ್ರ ಗಟ್ಟಿ ಅಂದರೇನು? ಬೇರೆ ಬಹಳಷ್ಟು ವಸ್ತುಗಳಿಂದ ಅದರ ಮೇಲೆ ಗೀರು ಬೀಳಲ್ಲ, ಅಷ್ಟೇ. ಈ ಭಾಗವನ್ನು ನಿಧಾನವಾಗಿ ಓದಿ, ಆಮೇಲೆ ನ್ಯಾಯ, ಸ್ವಾತಂತ್ರ್ಯದಂಥ ಪದ ತಗೊಂಡು, ಇದರಿಂದ ನಿಜವಾಗಿ ಏನು ವ್ಯತ್ಯಾಸ ಆಗುತ್ತೆ ಅಂತ ನೀವೇ ಕೇಳಿಕೊಳ್ಳಿ. ಒಂದು ವಿಚಾರದ ಅರ್ಥವನ್ನು ಅದರಿಂದಾಗುವ ಪರಿಣಾಮಗಳಲ್ಲೇ ಹುಡುಕುವ ಪ್ರಾಗ್ಮಾಟಿಸಂ ಎಂಬ ಚಿಂತನೆಯ ಜೀವಾಳ ಇದೇ, ನನಗಂತೂ ಇದಕ್ಕಿಂತ ಒಳ್ಳೆಯ ಬಾಗಿಲು ಕಾಣಲ್ಲ.

ಮುಂದೆ ಇದೇ ಪ್ರಾಗ್ಮಾಟಿಸಂ ಬಗ್ಗೆ ತತ್ವಜ್ಞಾನಿ ವಿಲಿಯಂ ಜೇಮ್ಸ್ ಅವರ 1907ರ ಉಪನ್ಯಾಸಗಳು, ತುಂಬಾ ಸಲೀಸು. ನಂತರ ಹಿಂದಕ್ಕೆ ಹೋಗಿ: ಚಿಂತಕ ಎಮರ್ಸನ್ 1837ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣ, ಆಮೇಲೆ ಲೇಖಕ ಥೋರೋ ಕೊಳದ ದಡದಲ್ಲಿ ಸರಳವಾಗಿ ಬದುಕಿದ ಅನುಭವ ಬರೆದ 'ವಾಲ್ಡನ್' ಪುಸ್ತಕ. ಅದರಲ್ಲಿ ಭಗವದ್ಗೀತೆಯ ಪ್ರಸ್ತಾಪ ಬರುವ ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ.